ಉತ್ತರಕಥೆಯ ಕತ್ತಲು, ಓದುಗರ ಉತ್ತರ: ‘ಹ್ಯಾರಿ ಪಾಟರ್’ ಐದನೆಯ ಸಂಪುಟ ಮತ್ತು ಕನ್ನಡದ ಕೇಳುಗ ಪರಂಪರೆ

‘ಉತ್ತರ’ ಎಂಬ ಶಬ್ದಕ್ಕೆ ಕನ್ನಡದಲ್ಲಿ ‘ನಂತರದ್ದು’ ಎಂಬ ಅರ್ಥವೂ ಇದೆ, ‘ಜವಾಬು’ ಎಂಬ ಅರ್ಥವೂ ಇದೆ. ಉತ್ತರಕಾಂಡ, ಉತ್ತರರಾಮಚರಿತ ಎನ್ನುವಾಗ ಮೊದಲನೆಯ ಅರ್ಥವನ್ನಷ್ಟೇ ಗ್ರಹಿಸುವುದು ರೂಢಿ. ಆದರೆ ಜನಪ್ರಿಯವಾದ ಒಂದು ಕಥೆಯ ಮುಂದುವರಿಕೆ ಬಹುಕಾಲದ ನಿರೀಕ್ಷೆಯ ಬಳಿಕ ಬಂದಾಗ ಅದು ಎರಡನೆಯ ಅರ್ಥದಲ್ಲಿಯೂ ಉತ್ತರವೇ ಆಗಿರುತ್ತದೆ. ಹಿಂದಿನ ಕಥೆ ಓದುಗರಲ್ಲಿ ಉಳಿಸಿದ ಪ್ರಶ್ನೆಗೆ ಲೇಖಕರು ಕೊಡುವ ಜವಾಬು ಅದು. ಆ ಜವಾಬು ಓದುಗರು ಬಯಸಿದ್ದಕ್ಕಿಂತ ಕಠೋರವಾಗಿದ್ದರೆ ಓದುಗರೂ ಮರುತ್ತರ ಕೊಡುತ್ತಾರೆ. ಈ ಮರುತ್ತರವನ್ನು ಕನ್ನಡ ವಿಮರ್ಶೆ, ವಿಶೇಷವಾಗಿ ಮಕ್ಕಳ ಸಾಹಿತ್ಯ ವಿಮರ್ಶೆ, ಅಧ್ಯಯನಯೋಗ್ಯ ವಸ್ತುವೆಂದು ಪರಿಗಣಿಸಿದ್ದು ಕಡಿಮೆ. ಪ್ರಸ್ತುತ ಲೇಖನದಲ್ಲಿ ಇತ್ತೀಚಿನ ಕಾಲದ ಅತ್ಯಂತ ಪ್ರಸಿದ್ಧವಾದ ಒಂದು ನಿದರ್ಶನವನ್ನು ಆರಿಸಿಕೊಂಡು, ಅದನ್ನು ಕನ್ನಡದ ಕೇಳುಗ ಪರಂಪರೆಯ ಬೆಳಕಿನಲ್ಲಿ ಪರಿಶೀಲಿಸಲಾಗಿದೆ.

1

ಜೆ.ಕೆ. ರೌಲಿಂಗ್ ಅವರ ‘ಹ್ಯಾರಿ ಪಾಟರ್’ ಮಾಲೆಯ ಮೊದಲ ನಾಲ್ಕು ಸಂಪುಟಗಳು 1997ರಿಂದ 2000ದವರೆಗೆ ವರ್ಷಕ್ಕೊಂದರಂತೆ ಪ್ರಕಟವಾದವು. ನಾಲ್ಕನೆಯದು 2000ದ ಜುಲೈ 8ರಂದು ಬಂದಿತು. ಐದನೆಯದಾದ ‘ಹ್ಯಾರಿ ಪಾಟರ್ ಆ್ಯಂಡ್ ದಿ ಆರ್ಡರ್ ಆಫ್ ದಿ ಫೀನಿಕ್ಸ್’ ಬಂದದ್ದು 2003ರ ಜೂನ್ 21ರಂದು. ವರ್ಷಕ್ಕೊಮ್ಮೆ ಕಥೆ ಪಡೆಯುತ್ತಿದ್ದ ಓದುಗ ಸಮುದಾಯ ಮೂರು ವರ್ಷಗಳ ಸಮೀಪ ಕಾಯಬೇಕಾಯಿತು. ಈ ನಡುವೆ 2001ರ ಮಾರ್ಚ್‌ನಲ್ಲಿ ಎರಡು ಕಿರುಪುಸ್ತಕಗಳು, ಅದೇ ವರ್ಷದ ಮತ್ತು ಮರುವರ್ಷದ ನವೆಂಬರ್‌ಗಳಲ್ಲಿ ಮೊದಲೆರಡು ಚಲನಚಿತ್ರಗಳು ಬಂದವು. ಚಲನಚಿತ್ರಗಳು ಮಾಲೆಯ ಆರಂಭದ ಉಲ್ಲಾಸಮಯ ಜಗತ್ತನ್ನು ಮತ್ತೆ ಕಣ್ಣೆದುರಿಗೆ ತಂದವು. ನಾಲ್ಕನೆಯ ಸಂಪುಟವೋ ಒಬ್ಬ ವಿದ್ಯಾರ್ಥಿಯ ಕೊಲೆ ಮತ್ತು ಖಳನ ಪುನರುತ್ಥಾನದಲ್ಲಿ ಮುಗಿದಿತ್ತು. ಹೀಗೆ ಕಾಯುವ ಅವಧಿಯಲ್ಲಿ ಓದುಗರ ಮನಸ್ಸು ಕಥೆಯ ತುದಿಯಲ್ಲಿಯೂ ಇತ್ತು, ಚಿತ್ರಗಳ ಕಾರಣದಿಂದ ಅದರ ಬಾಲ್ಯದಲ್ಲಿಯೂ ಇತ್ತು. ಐದನೆಯ ಸಂಪುಟಕ್ಕೆ ಬಂದ ಪ್ರತಿಕ್ರಿಯೆಯಲ್ಲಿ ಕಾಣುವ ದ್ವಂದ್ವಕ್ಕೆ ಇದೂ ಒಂದು ಕಾರಣ.

ಮೊದಲ ದಿನವೇ ಅಮೆರಿಕದಲ್ಲಿ ಸುಮಾರು 50 ಲಕ್ಷ, ಬ್ರಿಟನ್ನಿನಲ್ಲಿ 17 ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. ಮೊದಲ ಸಂಪುಟ ಬ್ರಿಟಿಷ್ ಆವೃತ್ತಿಯಲ್ಲಿ 223 ಪುಟಗಳಿದ್ದರೆ ಇದು 766 ಪುಟಗಳು. ಭಾರತದ ಓದುಗರಿಗೂ ಪುಸ್ತಕ ದೊರೆತದ್ದು ಇಂಗ್ಲಿಷಿನಲ್ಲಿಯೇ. ಮಾಲೆಯ ಮೊದಲ ಸಂಪುಟದ ಹಿಂದಿ ಅನುವಾದವೇ ಪ್ರಕಟವಾದದ್ದು ಅದೇ 2003ರಲ್ಲಿ. ಆದುದರಿಂದ ಹುಬ್ಬಳ್ಳಿ–ಧಾರವಾಡದಂಥ ನಗರಗಳಲ್ಲಿ ಈ ಓದು ಬಹುಮಟ್ಟಿಗೆ ಇಂಗ್ಲಿಷ್ ಮಾಧ್ಯಮದ ಶಾಲೆಗಳ ಮಕ್ಕಳ ಓದಾಗಿತ್ತು. ಕನ್ನಡ ವಿಭಾಗಗಳ ಕಿವಿಗೆ ಅದು ಬೀಳದಿರಲು ಇದೂ ಒಂದು ಕಾರಣವಿರಬಹುದು. ಮನೆಯಲ್ಲಿ ಕನ್ನಡ ಮಾತಾಡುವ ಮಗು ಇಂಗ್ಲಿಷಿನಲ್ಲಿ ಅತ್ತರೆ ಅದು ಕನ್ನಡ ವಿಮರ್ಶೆಯ ವಿಷಯವಲ್ಲ ಎಂಬ ಅಲಿಖಿತ ನಿಯಮವೊಂದು ನಮ್ಮಲ್ಲಿದೆ.

2

ಐದನೆಯ ಸಂಪುಟದಲ್ಲಿ ಕತ್ತಲು ಎಲ್ಲಿದೆ? ಸಾವಿನ ಸಂಖ್ಯೆಯಲ್ಲಿ ಅಲ್ಲ. ಇಲ್ಲಿ ಹದಿನೈದರ ಹುಡುಗನೊಬ್ಬ ಕಣ್ಣಾರೆ ಕಂಡದ್ದನ್ನು ಹೇಳುತ್ತಾನೆ. ಸರಕಾರವೂ ಪತ್ರಿಕೆಯೂ ಅವನನ್ನು ಸುಳ್ಳುಗಾರನೆನ್ನುತ್ತವೆ. ಅವನನ್ನು ಪೊರೆಯುತ್ತಿದ್ದ ಗುರು ಅವನತ್ತ ಕಣ್ಣೆತ್ತಿ ನೋಡುವುದಿಲ್ಲ. ಆದರ್ಶವೆಂದು ನಂಬಿದ್ದ ತಂದೆ ತನ್ನ ಶಾಲಾದಿನಗಳಲ್ಲಿ ದುರ್ಬಲನೊಬ್ಬನನ್ನು ಹಿಂಸಿಸಿ ನಕ್ಕವನೆಂದು ತಿಳಿಯುತ್ತದೆ. ಸರಕಾರವು ಶಾಲೆಗೆ ಹೇರಿದ ಅಂಬ್ರಿಜ್ ಎಂಬ ಅಧ್ಯಾಪಕಿ ಮೆಲುದನಿಯಲ್ಲಿ, ನಗುಮೊಗದಿಂದ, ಮಕ್ಕಳ ಕೈಯ ಚರ್ಮದ ಮೇಲೆಯೇ ಅಕ್ಷರ ಕೊರೆಯುವ ಶಿಕ್ಷೆ ವಿಧಿಸುತ್ತಾಳೆ. ಕೊನೆಯಲ್ಲಿ ಹುಡುಗನಿಗೆ ಉಳಿದಿದ್ದ ಒಬ್ಬನೇ ಆಪ್ತ ಹಿರಿಯ, ಸಿರಿಯಸ್, ತೆರೆಯೊಂದರ ಹಿಂದಕ್ಕೆ ಬಿದ್ದು ಸಾಯುತ್ತಾನೆ. ಶವವೂ ಸಿಗುವುದಿಲ್ಲ, ಕೊನೆಯ ಮಾತು, ಅಂತ್ಯಕ್ರಿಯೆ ಯಾವುದೂ ಇಲ್ಲ.

ಓದುಗರ ಪ್ರತಿಕ್ರಿಯೆಗಳಲ್ಲಿ ಮೂರು ಎಳೆಗಳು ಮುಖ್ಯವಾಗಿ ಕಾಣುತ್ತವೆ. ದೀರ್ಘತೆಯ ಬಗೆಗಿನ ದೂರು ಮೊದಲನೆಯದು. ಇದರಲ್ಲಿ ಹೆಚ್ಚಿನ ಸ್ವಾರಸ್ಯವಿಲ್ಲ. ಎರಡನೆಯದು ನಾಯಕನ ಕೋಪದ ಬಗೆಗಿನ ಅಸಮಾಧಾನ. ಹುಡುಗ ಸ್ನೇಹಿತರ ಮೇಲೆ ರೇಗುತ್ತಾನೆ, ಪುಟಗಟ್ಟಲೆ ಕಿರುಚುತ್ತಾನೆ. ಕಿರುಚಾಟವನ್ನು ಪುಸ್ತಕ ದೊಡ್ಡಕ್ಷರಗಳಲ್ಲಿಯೇ ಅಚ್ಚಿಸುತ್ತದೆ. ಮೃದುವಾದ, ನೊಂದ, ಸಹನಶೀಲ ಬಾಲಕನನ್ನು ಪ್ರೀತಿಸಿದ್ದ ಓದುಗರಿಗೆ ಇವನು ಅಪರಿಚಿತನೆನಿಸಿದನು. ಆದರೆ ಅದೇ ವಯಸ್ಸಿನಲ್ಲಿದ್ದ ಓದುಗರಲ್ಲಿ ಹಲವರಿಗೆ ಇವನೇ ಮೊದಲ ಬಾರಿಗೆ ನಿಜವಾದವನೆನಿಸಿದನು. 2000ದಲ್ಲಿ ಹನ್ನೆರಡರ ಮಗು 2003ರಲ್ಲಿ ಹದಿನೈದರದು. ಅದು ಹ್ಯಾರಿಯ ಓರಗೆಯದು. ಅಂಬ್ರಿಜ್ ಬಗೆಗಿನ ದ್ವೇಷವೂ ಇದೇ ಎಳೆಗೆ ಸೇರಿದ್ದು. ಮಾಲೆಯ ಮಹಾಖಳನಿಗಿಂತ ಈ ಅಧ್ಯಾಪಕಿಯನ್ನೇ ಹೆಚ್ಚು ದ್ವೇಷಿಸುವ ಓದುಗರು ಇಂದಿಗೂ ಅಸಂಖ್ಯ. ಕಾದಂಬರಿಕಾರ ಸ್ಟೀಫನ್ ಕಿಂಗ್ 2003ರ ತಮ್ಮ ವಿಮರ್ಶೆಯಲ್ಲಿ ಆಕೆಯನ್ನು ಕಲ್ಪಿತ ಖಳರ ಶ್ರೇಷ್ಠ ಪಂಕ್ತಿಯಲ್ಲಿಯೇ ಇರಿಸಿದರು. ಮಹಾಖಳನನ್ನು ಯಾವ ಮಗುವೂ ಕಂಡಿಲ್ಲ. ಆದರೆ ನಗುತ್ತ ಶಿಕ್ಷಿಸುವ ಅಧಿಕಾರವನ್ನು ಶಾಲೆಗೆ ಹೋದ ಬಹುತೇಕ ಎಲ್ಲ ಮಕ್ಕಳೂ ಯಾವುದಾದರೊಂದು ರೂಪದಲ್ಲಿ ಕಂಡಿರುತ್ತಾರೆ.

ಮೂರನೆಯ ಎಳೆ ಸಿರಿಯಸ್‌ನ ಸಾವಿನದು. ವಿಮರ್ಶೆಗೆ ಅತ್ಯಂತ ಫಲವತ್ತಾದದ್ದು ಇದೇ. ಓದುಗರು ಆ ಸಾವನ್ನು ಒಪ್ಪಲಿಲ್ಲ. ಶವವಿಲ್ಲವಾದ್ದರಿಂದ ಅವನು ಮರಳಬಹುದೆಂದು ವಾದಿಸಿದರು. ಅವನು ಬದುಕಿ ಉಳಿಯುವ ಕಥೆಗಳನ್ನು ತಾವೇ ಬರೆದರು. ಇಷ್ಟು ಆಕ್ರೋಶಕ್ಕೆ ಪಠ್ಯದೊಳಗೇ ಒಂದು ಕಾರಣವಿದೆ. ಕಥೆಯ ನಡುವೆ ಸಿರಿಯಸ್ ಹುಡುಗನಿಗೆ ಒಂದು ಪೊಟ್ಟಣ ಕೊಡುತ್ತಾನೆ. ಹುಡುಗ ಅದನ್ನು ಬಿಚ್ಚದೆ ಪೆಟ್ಟಿಗೆಯಲ್ಲಿಟ್ಟು ಮರೆಯುತ್ತಾನೆ. ಸಾವಿನ ನಂತರ ಬಿಚ್ಚಿದಾಗ ಅದು ಒಬ್ಬರೊಡನೊಬ್ಬರು ಮಾತಾಡಬಹುದಾದ ಕನ್ನಡಿಯೆಂದು ತಿಳಿಯುತ್ತದೆ. ಮೊದಲೇ ಬಿಚ್ಚಿದ್ದರೆ ಶತ್ರು ತೋರಿಸಿದ ಸುಳ್ಳು ದೃಶ್ಯಕ್ಕೆ ಅವನು ಮರುಳಾಗುತ್ತಿರಲಿಲ್ಲ, ಸಿರಿಯಸ್ ಅವನನ್ನು ಕಾಪಾಡಲು ಬಂದು ಸಾಯುತ್ತಿರಲಿಲ್ಲ. ಪೊಟ್ಟಣ ಕೊಟ್ಟ ಪುಟವನ್ನು ಓದುಗನೂ ಓದಿದ್ದಾನೆ. ಅವನೂ ಅದನ್ನು ಮರೆತಿದ್ದಾನೆ. ನಾಯಕನ ಮರೆವಿನಲ್ಲಿ ಓದುಗನನ್ನೂ ಪಾಲುದಾರನನ್ನಾಗಿ ಮಾಡಿರುವುದರಿಂದ ಇಲ್ಲಿಯ ದುಃಖಕ್ಕೆ ಅಪರಾಧಪ್ರಜ್ಞೆಯ ಕಹಿ ಸೇರಿದೆ. ಲೇಖಕಿಯ ಮೇಲಿನ ಸಿಟ್ಟಿನಲ್ಲಿ ಒಂದಂಶ ಓದುಗರಿಗೆ ತಮ್ಮ ಮೇಲೆಯೇ ಇದ್ದ ಸಿಟ್ಟು.

ಸ್ವತಃ ರೌಲಿಂಗ್ ಪುಸ್ತಕ ಪ್ರಕಟಣೆಯ ಸಂದರ್ಭದ ಬಿಬಿಸಿ ಸಂದರ್ಶನದಲ್ಲಿ, ಈ ಸಾವನ್ನು ಬರೆದು ತಾವು ಅತ್ತುದಾಗಿಯೂ, ಹಾಗಿದ್ದರೆ ಕೊಲ್ಲಬೇಡವೆಂದು ಪತಿ ಹೇಳಿದಾಗ ಮಕ್ಕಳಿಗಾಗಿ ಬರೆಯುವವರು ನಿರ್ದಯರಾಗಿರಬೇಕಾಗುತ್ತದೆಂದು ಉತ್ತರಿಸಿದುದಾಗಿಯೂ ತಿಳಿಸಿದರು. ಮೊದಲ ಸಂಪುಟದ ಬರವಣಿಗೆಯ ಆರಂಭದಲ್ಲಿಯೇ, 1990ರಲ್ಲಿ, ಅವರು ತಾಯಿಯನ್ನು ಕಳೆದುಕೊಂಡಿದ್ದರೆಂಬುದನ್ನು ಇದರೊಡನೆ ನೆನೆಯಬೇಕು. ವಯಸ್ಕ ವಿಮರ್ಶೆಯ ಒಂದು ಪಂಥ ಮಾತ್ರ ಬೇರೆ ದಿಕ್ಕಿನಲ್ಲಿ ನೋಡಿತು. ಎ.ಎಸ್. ಬಯಟ್ 2003ರ ಜುಲೈನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ, ಈ ಮಾಲೆಯನ್ನು ಓದುವ ವಯಸ್ಕರು ಬಾಲ್ಯದ ಸುರಕ್ಷಿತ ನೆಮ್ಮದಿಗೆ ಹಿಂದಿರುಗುತ್ತಿದ್ದಾರೆಂದು ಆಕ್ಷೇಪಿಸಿದರು. ಅತ್ಯಂತ ಕಡಿಮೆ ನೆಮ್ಮದಿ ಕೊಡುವ ಸಂಪುಟ ಹೊರಬಂದ ತಿಂಗಳೊಳಗೇ ಈ ಆಕ್ಷೇಪ ಬಂದದ್ದು ವಿಚಿತ್ರ. ಇದೇ ವಾರಗಳಲ್ಲಿ ಮಕ್ಕಳು ನೆಮ್ಮದಿ ಕೆಟ್ಟುದಕ್ಕಾಗಿ ದೂರುತ್ತಿದ್ದರು.

3

ಸಾಹಿತ್ಯಕೃತಿಯನ್ನು ಓದುಗರ ‘ನಿರೀಕ್ಷೆಯ ದಿಗಂತ’ದ ಹಿನ್ನೆಲೆಯಲ್ಲಿ ನೋಡಬೇಕೆಂದು ಜರ್ಮನ್ ವಿದ್ವಾಂಸ ಯೌಸ್ 1960ರ ದಶಕದ ಉತ್ತರಾರ್ಧದಲ್ಲಿ ವಾದಿಸಿದರು. ದಿಗಂತ ಮತ್ತು ಕೃತಿಯ ನಡುವಣ ಅಂತರ ಹೆಚ್ಚಾದಷ್ಟೂ ಕೃತಿಯ ಸಾಹಿತ್ಯಿಕ ಮೌಲ್ಯ ಹೆಚ್ಚೆಂಬ ಸೂಚನೆಯೂ ಅವರಲ್ಲಿದೆ. ಆದರೆ ಮಾಲೆಯ ಓದಿಗೆ ಇದು ಪೂರ್ತಿ ಹೊಂದುವುದಿಲ್ಲ. ಇಲ್ಲಿ ದಿಗಂತವನ್ನು ಕಟ್ಟಿದ್ದು ಅದೇ ಲೇಖಕಿಯ ಹಿಂದಿನ ಸಂಪುಟಗಳು. ಅದನ್ನು ಕಾಯುವ ಮೂರು ವರ್ಷಗಳಲ್ಲಿ ಹಿಗ್ಗಿಸಿದವರು ಓದುಗರು.

ಭಾರತೀಯ ಕಾವ್ಯಮೀಮಾಂಸೆ ಇನ್ನೊಂದು ದಾರಿಯನ್ನು ತೋರುತ್ತದೆ. ಅಭಿನವಗುಪ್ತನು ಏಳು ರಸವಿಘ್ನಗಳನ್ನು ಹೇಳುತ್ತಾನೆ. ಕನ್ನಡ ಓದುಗರಿಗೆ ರಸಸಿದ್ಧಾಂತದ ವಿವೇಚನೆ ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯ ಮೂಲಕ ಸುಪರಿಚಿತ. ಪ್ರೇಕ್ಷಕನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿಬಿಡುವುದು ಈ ವಿಘ್ನಗಳಲ್ಲೊಂದು. ಪಾತ್ರದ ಶೋಕವು ಸಾಧಾರಣೀಕೃತವಾದಾಗ ಮಾತ್ರ ಕರುಣರಸ. ಅದು ನನ್ನದೇ ಶೋಕವಾದರೆ ಕೇವಲ ದುಃಖ. ಈ ಅಳತೆಯಲ್ಲಿ ಸಿರಿಯಸ್‌ಗಾಗಿ ಅತ್ತು ಪುಸ್ತಕವನ್ನು ಗೋಡೆಗೆಸೆದ ಮಗು ಸಹೃದಯನಲ್ಲ. ಆದರೆ ಆರು ವರ್ಷ ಪಾತ್ರವೊಂದರ ಜೊತೆಯಲ್ಲಿಯೇ ಬೆಳೆದ ಓದುಗನಿಗೆ ಪಾತ್ರದ ಬಾಳು ಮತ್ತು ತನ್ನ ಬಾಳಿನ ನಡುವೆ ಗೆರೆ ಎಳೆಯುವುದು ಎಲ್ಲಿ? ಸಿದ್ಧಾಂತ ಒಂದು ಸಂಜೆಯ ನಾಟಕವನ್ನು ಮುಂದಿಟ್ಟುಕೊಂಡು ರಚಿತವಾದದ್ದು. ವರ್ಷಾನುಗಟ್ಟಲೆ ಹರಿಯುವ ಓದು ಅದರ ಕಣ್ಣೆದುರಿಗಿರಲಿಲ್ಲ. ಮಾಲೆಯ ಓದಿನಲ್ಲಿ ವಿಘ್ನವೇ ಪ್ರವೇಶದ್ವಾರ. ಇದನ್ನು ಸಿದ್ಧಾಂತಕಾರರಿಗಿಂತ ಮೊದಲೇ ಬಲ್ಲವನು ಭವಭೂತಿ.

4

ಭಾರತೀಯ ಪರಂಪರೆಯ ಅತಿದೊಡ್ಡ ಕತ್ತಲ ಉತ್ತರಕಥೆ ಉತ್ತರಕಾಂಡ. ಪಟ್ಟಾಭಿಷೇಕದ ಮಂಗಳದಲ್ಲಿ ಮುಗಿದ ಕಥೆಯನ್ನು ಅದು ಮತ್ತೆ ತೆರೆಯುತ್ತದೆ. ತುಂಬು ಗರ್ಭಿಣಿಯನ್ನು ಕಾಡಿಗೆ ಕಳುಹಿಸುತ್ತದೆ. ಕೊನೆಯಲ್ಲಿ ಸೀತೆಯನ್ನು ಭೂಮಿಯೊಳಗೆ ಅಡಗಿಸುತ್ತದೆ. ಇದಕ್ಕೆ ಬಂದ ಓದುಗರ ಪ್ರತಿಕ್ರಿಯೆ ಎಲ್ಲಿ ದಾಖಲಾಗಿದೆ ಎಂದರೆ, ನಂತರದ ಕಾವ್ಯಗಳಲ್ಲಿಯೇ.

ಭವಭೂತಿಯ ‘ಉತ್ತರರಾಮಚರಿತ’ದ ಮೊದಲ ಅಂಕದಲ್ಲಿ ಲಕ್ಷ್ಮಣನು ರಾಮಸೀತೆಯರಿಗೆ ಅವರದೇ ಹಿಂದಿನ ಕಥೆಯ ಚಿತ್ರಗಳನ್ನು ತೋರಿಸುತ್ತಾನೆ. ಕತ್ತಲು ಕವಿಯುವ ಮುನ್ನ ಹಳೆಯ ಸಂಪುಟಗಳನ್ನು ತಿರುವಿ ಹಾಕಿದಂತೆ ಅದು. ಏಳನೆಯ ಅಂಕದಲ್ಲಿ ವಾಲ್ಮೀಕಿಯ ಕೃತಿಯನ್ನು ಅಪ್ಸರೆಯರು ಅಭಿನಯಿಸುತ್ತಾರೆ, ರಾಮ ಪ್ರೇಕ್ಷಕನಾಗಿ ಕುಳಿತಿದ್ದಾನೆ. ಸೀತೆಯ ಸಂಕಟವನ್ನು ಕಂಡು ಅದು ನಾಟಕವೆಂಬುದನ್ನು ಮರೆಯುತ್ತಾನೆ, ಮೂರ್ಛೆ ಹೋಗುತ್ತಾನೆ. ರಸವಿಘ್ನದ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯದು. ಆಗ ಲಕ್ಷ್ಮಣ ಕೂಗುವುದು ವೈದ್ಯರನ್ನಲ್ಲ, ಕವಿಯನ್ನು. ನಿನ್ನ ಕಾವ್ಯದ ತಾತ್ಪರ್ಯ ಇದೇ ಏನು ಎಂದು ವಾಲ್ಮೀಕಿಯನ್ನು ನೇರವಾಗಿ ಕೇಳುತ್ತಾನೆ. ಲೇಖಕಿಗೆ ಕಾಗದ ಬರೆದ 2003ರ ಮಕ್ಕಳ ಪ್ರಶ್ನೆಯೂ ಇದೇ. ಲಕ್ಷ್ಮಣನಿಗೆ ಉತ್ತರ ತಕ್ಷಣ ದೊರೆಯುತ್ತದೆ: ಅರುಂಧತಿಯೊಡನೆ ಸೀತೆಯೇ ಬಂದು ರಾಮನನ್ನು ಎಚ್ಚರಿಸುತ್ತಾಳೆ. ಪ್ರತಿಭಟನೆ ಕಥೆಯನ್ನು ಬದಲಿಸುತ್ತದೆ.

ಕನ್ನಡದಲ್ಲಿ ಈ ಬದಲಾವಣೆಗೆ ಗಟ್ಟಿಯಾದ ನೆಲೆ ಸಿಕ್ಕಿತು. ಲಕ್ಷ್ಮೀಶನ ‘ಜೈಮಿನಿ ಭಾರತ’ದ ಸೀತಾಪರಿತ್ಯಾಗ ಪ್ರಸಂಗ ಗಮಕಿಗಳ ಕಂಠದಲ್ಲಿ ತಲೆಮಾರುಗಳನ್ನು ಅಳಿಸಿದೆ. ಆದರೆ ಅಲ್ಲಿ ಕುಶಲವರ ಕಥೆ ಕೊನೆಗಾಣುವುದು ಪುನರ್ಮಿಲನದಲ್ಲಿ. ಪದ್ಮಪುರಾಣದ ಪಾತಾಳಖಂಡವನ್ನು ಆಧರಿಸಿದ ಮುದ್ದಣನ ‘ಶ್ರೀರಾಮಾಶ್ವಮೇಧ’ವೂ ಇದೇ ದಾರಿಯದು. ಅತ್ತು ಮುಗಿದ ಕೇಳುಗರನ್ನು ಕತ್ತಲಲ್ಲಿ ಬಿಟ್ಟು ಮನೆಗೆ ಕಳುಹಿಸಲು ಈ ಕವಿಗಳು ಒಪ್ಪಲಿಲ್ಲ. ಇದನ್ನು ಮೂಲಗಳ ಆಯ್ಕೆಯ ಪ್ರಶ್ನೆಯೆಂದಷ್ಟೇ ಸಾಮಾನ್ಯವಾಗಿ ನೋಡಲಾಗುತ್ತದೆ. ಆದರೆ ಯಾವ ಮೂಲವನ್ನು ಆರಿಸಬೇಕೆಂಬುದರಲ್ಲಿ ಕೇಳುಗರ ಒತ್ತಡವೂ ಕೆಲಸ ಮಾಡಿರುತ್ತದೆ.

ಮುದ್ದಣನು ಆ ಒತ್ತಡಕ್ಕೆ ಹೆಸರನ್ನೇ ಕೊಟ್ಟನು: ಮನೋರಮೆ. ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದ ನಂದಳಿಕೆ ಲಕ್ಷ್ಮೀನಾರಣಪ್ಪ ಬಾಳಿದ್ದು 1870ರಿಂದ 1901ರವರೆಗೆ ಮಾತ್ರ. ಅಷ್ಟರಲ್ಲಿಯೇ ಕನ್ನಡಕ್ಕೆ ಅವನು ಕೊಟ್ಟ ಅಪೂರ್ವ ಸೃಷ್ಟಿ ಈ ಕೇಳುಗಳು. ಮಳೆಗಾಲದ ಬೇಸರ ಕಳೆಯಲು ಕಥೆ ಬೇಡುವ ಅವಳು ಹೇಳಿದ್ದನ್ನೆಲ್ಲ ತೆಪ್ಪಗೆ ಕೇಳುವವಳಲ್ಲ. ಯಾವ ಕಥೆ ಬೇಕೆಂಬುದರಲ್ಲಿ ಅವಳದೇ ಹಟ. ಪದ್ಯ ಬೇಡ, ಗದ್ಯ ಬೇಕೆನ್ನುತ್ತಾಳೆ. ಸಂಸ್ಕೃತದ ಭಾರ ಹೆಚ್ಚಾದರೆ ಕನ್ನಡದಲ್ಲಿ ಹೇಳೆನ್ನುತ್ತಾಳೆ. ನಡುನಡುವೆ ಬಾಯಿ ಹಾಕುತ್ತಾಳೆ. ಗಂಡ ಕವಿಯೆಂಬ ಗೌರವ ಅಷ್ಟಕ್ಕಷ್ಟೆ. ಅವಳ ಆಕ್ಷೇಪಗಳು ಕೃತಿಯ ರೂಪವನ್ನೇ ನಿರ್ಧರಿಸುತ್ತವೆ. ಹೊಸಗನ್ನಡ ಗದ್ಯದ ಅರುಣೋದಯವೆಂದು ಹೊಗಳಿಸಿಕೊಂಡದ್ದರ ಹಿಂದೆ ಒಬ್ಬ ಕೇಳುಗಳ ತಕರಾರು ಇದೆ ಎಂಬುದು ಸಣ್ಣ ಸಂಗತಿಯಲ್ಲ. 2003ರ ಓದುಗನಿಗೆ ಮನೋರಮೆಯ ಈ ಅಧಿಕಾರವಿರಲಿಲ್ಲ. ಅವನು ನಡುರಾತ್ರಿ ಸರದಿಯಲ್ಲಿ ನಿಂತು ಪಡೆದದ್ದು ಮುಗಿದುಹೋದ ಕೃತಿಯನ್ನು. ಅದಕ್ಕಾಗಿಯೇ ಅವನ ತಕರಾರು ಬದಲಿ ಕಥೆಗಳಾಗಿ ಹೊರಗೆ ಬೆಳೆಯಿತು.

ಆದರೂ ಇಲ್ಲಿ ಒಂದು ಎಚ್ಚರ ಅಗತ್ಯ. ಕೇಳುಗರ ಕರುಣೆಗೆ ತೆರಬೇಕಾದ ಬೆಲೆಯೂ ಇದೆ. ವಾಲ್ಮೀಕಿಯಲ್ಲಿ ಮತ್ತೊಮ್ಮೆ ಶುದ್ಧಿಯನ್ನು ಸಾಬೀತುಪಡಿಸೆಂದಾಗ ಸೀತೆ ಭೂಮಿಯನ್ನು ಸೇರುವುದು ಸೋಲಲ್ಲ. ಅದು ರಾಮನಿಗೂ ಸಭೆಗೂ ಅವಳು ಕೊಟ್ಟ ಉತ್ತರ. ಪುನರ್ಮಿಲನದ ಕಾವ್ಯಗಳಲ್ಲಿ ಕೇಳುಗರ ಕಣ್ಣೊರಸುವ ಭರದಲ್ಲಿ ಸೀತೆಯ ಈ ಮಾತು ಅಳಿಸಿಹೋಗುತ್ತದೆ. ಸಿರಿಯಸ್‌ನನ್ನು ಬದುಕಿಸಿದ ಕಥೆಗಳಲ್ಲಿಯೂ ಅಳಿಯುವುದು ಅಂಥದೇ ಒಂದು ಸಂಗತಿ: ಬಿಚ್ಚದ ಪೊಟ್ಟಣದ ಭಾರ. ರೌಲಿಂಗ್ 2007ರ ಕೊನೆಯ ಸಂಪುಟದಲ್ಲಿ ಇವೆರಡರ ನಡುವಣ ದಾರಿ ಹಿಡಿದರು. ಸಾವಿನತ್ತ ನಡೆಯುವ ಹ್ಯಾರಿಯ ಜೊತೆಗೆ ಸಿರಿಯಸ್ ಕಾಡಿನಲ್ಲಿ ಕೆಲವು ಹೆಜ್ಜೆ ನಡೆಯುತ್ತಾನೆ, ಆದರೆ ಮರಳಿ ಬರುವುದಿಲ್ಲ.

5

ಕನ್ನಡ ಮಕ್ಕಳ ಸಾಹಿತ್ಯಕ್ಕೆ ಈ ಚರ್ಚೆ ಏಕೆ ಬೇಕು ಎಂಬ ಪ್ರಶ್ನೆ ಸಹಜ. ಕಾಯುವ ಓದು ಕನ್ನಡದ ಮಕ್ಕಳಿಗೆ ಹೊಸದಲ್ಲ. ‘ಚಂದಮಾಮ’ದ ಧಾರಾವಾಹಿಗಳಿಗಾಗಿ ತಿಂಗಳುಗಟ್ಟಲೆ ಕಾದ ತಲೆಮಾರುಗಳಿವೆ. ಅದರ ಬೇತಾಳ ಕಥೆಗಳನ್ನೇ ನೋಡಬಹುದು. ಮೂಲ ಸಂಸ್ಕೃತ ಕಥಾಚಕ್ರಕ್ಕೆ ಕತ್ತಲ ಅಂತ್ಯವೊಂದಿದೆ: ಶವ ತರಿಸಿದ ಭಿಕ್ಷು ರಾಜನನ್ನೇ ಬಲಿ ಕೊಡಲು ಹೊಂಚುತ್ತಾನೆ, ರಾಜ ಅವನ ತಲೆ ಕಡಿಯುತ್ತಾನೆ. ಪತ್ರಿಕೆಯಲ್ಲಿ ಆ ಅಂತ್ಯ ಮುಂದೆ ಮುಂದೆ ಹೋಗುತ್ತಲೇ ಇತ್ತು. ಬೇತಾಳ ಪ್ರತಿ ತಿಂಗಳೂ ಮರಕ್ಕೆ ಹಾರುತ್ತಿತ್ತು. 2013ರಲ್ಲಿ ಪತ್ರಿಕೆಯೇ ನಿಂತಿತು. ಕೊನೆಯಿಲ್ಲದ ಕಥೆ ಮಕ್ಕಳಿಗೆ ಕಾಯುವುದನ್ನು ಕಲಿಸಿತು, ಬೆಳೆಯುವುದನ್ನಲ್ಲ. ವಿಕ್ರಮನಿಗೆ ವಯಸ್ಸಾಗಲಿಲ್ಲ.

ಬಿಡಿ ಕೃತಿಗಳಲ್ಲಿ ಕನ್ನಡ ಲೇಖಕರು ಕತ್ತಲಿಗೆ ಹೆದರಿಲ್ಲವೆಂಬುದನ್ನೂ ಹೇಳಬೇಕು. ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’ ಶೀರ್ಷಿಕೆಯಲ್ಲಿಯೇ ಕಳೆದುಹೋದ ಊರನ್ನು ಹೊತ್ತಿದೆ. ಅದಕ್ಕೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂದಿತು. 2021ರಲ್ಲಿ ಅದೇ ಪುರಸ್ಕಾರ ಪಡೆದ ಬಸು ಬೇವಿನಗಿಡದ ಅವರ ಕಾದಂಬರಿಯ ಹೆಸರು ‘ಓಡಿ ಹೋದ ಹುಡುಗ’. ಕೊರತೆ ಇರುವುದು ಕತ್ತಲಿನಲ್ಲಲ್ಲ, ಮುಂದುವರಿಕೆಯಲ್ಲಿ. ಒಂದೇ ಪಾತ್ರವನ್ನು ಓದುಗರ ಜೊತೆಯಲ್ಲಿ ವರ್ಷಗಳ ಕಾಲ ಬೆಳೆಸುವ, ಹತ್ತರ ಮಗುವಿಗೆ ಸಿಹಿಯಾಗಿ ಆರಂಭವಾಗಿ ಅದೇ ಮಗುವಿಗೆ ಹದಿನೈದಾದಾಗ ಕಹಿಯನ್ನೂ ಹೇಳುವ ಮಾಲೆ ಕನ್ನಡದಲ್ಲಿ ಪ್ರಬಲವಾಗಿ ಬೆಳೆದಿಲ್ಲ. ಹತ್ತರಿಂದ ಹದಿನೈದರವರೆಗಿನ ಆ ದಾರಿಯನ್ನು ಅವಳಿನಗರದ ಎಷ್ಟೋ ಮಕ್ಕಳು ಇಂಗ್ಲಿಷಿನಲ್ಲಿ ನಡೆದರು. ಹದಿನೈದರಾಚೆ ಅವರಲ್ಲಿ ಎಷ್ಟು ಮಂದಿ ಕನ್ನಡದ ಓದಿಗೆ ಮರಳಿದರೆಂಬುದು ಕನ್ನಡ ವಿಭಾಗಗಳೇ ಕೇಳಿಕೊಳ್ಳಬೇಕಾದ ಪ್ರಶ್ನೆ.

ಹಾಗೆಂದು ಕನ್ನಡದ ಮಗು ಲಕ್ಷ್ಮಣನ ಪ್ರಶ್ನೆಯನ್ನು ಕೇಳದೆ ಇಲ್ಲ. ಗೋವಿನ ಹಾಡಿನ ಕೊನೆಯಲ್ಲಿ ಹುಲಿ ಪ್ರಾಣ ಬಿಡುತ್ತದೆ. ಮಾತಿಗೆ ತಪ್ಪದೆ ಬಂದ ಪುಣ್ಯಕೋಟಿ ಉಳಿದದ್ದು ಸರಿ, ಆದರೆ ಹುಲಿ ಏಕೆ ಸಾಯಬೇಕು, ಹಸಿವು ಅದರ ತಪ್ಪೇ ಎಂದು ಕೇಳುವ ಮಗು ಪ್ರತಿ ತರಗತಿಯಲ್ಲಿಯೂ ಒಂದಾದರೂ ಇರುತ್ತದೆ. ಆ ಮಗು ಕೇಳುತ್ತಿರುವುದು ಕಾವ್ಯದ ತಾತ್ಪರ್ಯವನ್ನೇ. ಪಾಠದ ಕೊನೆಯಲ್ಲಿ ಅದಕ್ಕಾಗಿ ಕಾದಿರುವುದು ಅಭ್ಯಾಸದ ಪುಟ: ಈ ಮಾತನ್ನು ಯಾರು ಯಾರಿಗೆ ಹೇಳಿದರು, ಬಿಟ್ಟ ಸ್ಥಳ ತುಂಬಿರಿ, ಒಂದು ವಾಕ್ಯದಲ್ಲಿ ಉತ್ತರಿಸಿರಿ.